ಮೆತ್ತಗಿನ ಮೀನು

ರಾಕ್‌ವುಡ್, ಮೂಸ್‌ಹೆಡ್ ಸರೋವರ
ಫೆಬ್ರವರಿ 17, 1986

ಪ್ರೀತಿಯ ಜರ್ಮೇನ್ ಅಕ್ಕ,

ನೀನು ಕ್ರಿಸ್‌ಮಸ್‌ಗೆ ಕಳಿಸಿದ ಶಾಲು ಹೊದ್ದುಕೊಂಡೇ ಬರೆಯುತ್ತಿದ್ದೇನೆ. ಇಷ್ಟು ದಿನ ಒಂದು ಸಾಲೂ ಬರೆಯಲಿಲ್ಲವೆಂದು ಬೈಯಬೇಡ. ಕುಳಿತಾಗಲೆಲ್ಲ ಸುಳ್ಳು ಬರೆಯಬೇಕಾಗುತ್ತದೆ ಅನ್ನಿಸಿ ಎದ್ದುಬಿಡುತ್ತಿದ್ದೆ.

ಸರೋವರ ಈ ಸಲ ತಡವಾಗಿ ಹೆಪ್ಪುಗಟ್ಟಿತು. ಡಿಸೆಂಬರ್ ಕೊನೆಗೆ ಲೂಸಿಯೆನ್ ಅವಸರ ಮಾಡಿ, ನದಿ ಬಂದು ಸೇರುವ ಕಡೆ ಮಂಜುಗಡ್ಡೆ ಒಡೆದು ಹಿಮದ ಗಾಡಿಯ ಸಮೇತ ನೀರಿನೊಳಗೆ ಹೋದದ್ದನ್ನು ಫೋನಿನಲ್ಲಿ ಹೇಳಿದ್ದೆನಲ್ಲ. ಗಾಡಿ ತಳ ಸೇರಿತು, ನನ್ನ ಗಂಡ ಮೇಲೆ ಬಂದ. ಆ ಕಥೆಯನ್ನು ಅಭಿನಯಿಸಿ ತೋರಿಸಿ ಊರನ್ನೆಲ್ಲ ನಗಿಸಿದ. ನಾನೂ ನಕ್ಕೆ.

ಆಮೇಲೂ ಪ್ರತಿ ಶನಿವಾರ ಮೀನು ಹಿಡಿಯಲು ಹೊರಟ, ಗಾಡಿಯಿಲ್ಲದ್ದರಿಂದ ನಡೆದೇ. ಸಂಜೆಗೆ ಒಂದೆರಡು ಸಾಲ್ಮನ್, ಒಮ್ಮೊಮ್ಮೆ ದೊಡ್ಡ ಟ್ರೌಟ್ ತರುತ್ತಿದ್ದ. ಆದರೆ ಅಕ್ಕ, ಮೀನು ಮೆತ್ತಗಿರುತ್ತಿತ್ತು. ಅಪ್ಪ ತರುತ್ತಿದ್ದ ಮೀನು ನಿನಗೆ ನೆನಪಿರಬೇಕು. ಮಂಜುಗಡ್ಡೆಯ ಮೇಲೆ ಎಸೆದದ್ದು ಒದ್ದಾಡಿದ ಭಂಗಿಯಲ್ಲೇ ಸೆಟೆದು, ಸೊಟ್ಟ ಸೌದೆಯ ಹಾಗೆ ಮನೆಗೆ ಬರುತ್ತಿತ್ತು. ಒಲೆಯ ಪಕ್ಕ ಇಟ್ಟು ಕಾಯದೆ ಚಾಕು ಇಳಿಯುತ್ತಿರಲಿಲ್ಲ. ಲೂಸಿಯೆನ್ ತಂದದ್ದು ಯಾರದೋ ಅಡುಗೆಮನೆಯಲ್ಲಿ ಬೆಚ್ಚಗೆ ಮಲಗಿ ಬಂದಂತಿರುತ್ತಿತ್ತು. ಅವನ ಅಂಗಿಯಲ್ಲೂ ಮೀನು ಹಿಡಿಯುವ ಗುಡಿಸಲಿನ ಸೀಮೆಎಣ್ಣೆ ಒಲೆಯ ನಾತವಿಲ್ಲ, ಹುರಿದ ಈರುಳ್ಳಿಯ ವಾಸನೆ.

"ಚೆನ್ನಾಗಿ ಕಚ್ಚಿತಾ ಇವತ್ತು?" ಎಂದು ಕೇಳುತ್ತಿದ್ದೆ.

"ಅಯ್ಯೋ, ಮೀನು ಕಚ್ಚಿ ಗಾಳದ ಬಾವುಟ ಒಂದಾದ ಮೇಲೊಂದು ಏಳ್ತಾನೇ ಇತ್ತು. ಕೂತ್ಕೊಳ್ಳೋಕೂ ಪುರುಸೊತ್ತಿಲ್ಲ."

ಮೇಲಿನ ತಿರುವಿನ ವಿಧವೆ ಈಡ್ನಾ ಒಳ್ಳೆಯ ಅಡುಗೆಯವಳು. ಚರ್ಚಿನಲ್ಲಿ ಎರಡು ಭಾನುವಾರ ಅವಳ ಹಿಂದೆಯೇ ಕುಳಿತು, ಅವಳ ಕತ್ತನ್ನು ನೋಡುತ್ತ ಪ್ರಾರ್ಥನೆ ಮರೆತೆ.

ಮೊನ್ನೆ ಶನಿವಾರ ಅವನು ಹೋದ ಮೇಲೆ ನಾನೂ ಸರೋವರಕ್ಕೆ ಹೊರಟೆ. ಮೀನು ಹಿಡಿಯುವ ನಮ್ಮ ಗುಡಿಸಲಿನ ಬಾಗಿಲಿಗೆ ಮೊಣಕಾಲೆತ್ತರ ಹಿಮ ಒರಗಿತ್ತು. ಒಂದು ಹೆಜ್ಜೆಗುರುತಿಲ್ಲ. ಪಕ್ಕದಲ್ಲಿ ಅವನ ಹಳೆಯ ಜೊತೆಗಾರ ವಿಲ್ಮರ್ ತನ್ನ ಗಾಳಗಳನ್ನು ಕಾಯುತ್ತ ನಿಂತಿದ್ದ.

"ಏನಮ್ಮಾ ಒಡೆಟ್, ವಾರ್ಡನ್‌ಗಿಂತ ಜೋರಾಗಿ ಬರ್ತಿದ್ದೀಯ. ಮೀನು ಹಿಡಿಯೋ ಲೈಸೆನ್ಸ್ ತೋರಿಸ್ಲಾ?"

"ಲೂಸಿಯೆನ್ ಎಲ್ಲಿ?"

"ಬಾವುಟ!" ಎಂದು ಕೂಗಿ ಮಂಜುಗಡ್ಡೆಯ ತೂತಿನ ಕಡೆ ಓಡಿದ. ಯಾವ ಬಾವುಟವೂ ಎದ್ದಿರಲಿಲ್ಲ.

"ಅವಳ ಹೆಸರು ಹೇಳು ಸಾಕು, ವಿಲ್ಮರ್."

ಬಗ್ಗಿದವನು ಬಗ್ಗಿಯೇ ಇದ್ದ. "ಮೇಬಲ್," ಅಂದ. "ನಮ್ಮಮ್ಮ. ತೊಂಬತ್ತು ದಾಟಿದೆ. ಹೆದರ್ಕೋಬೇಡ, ಹಲ್ಲಿಲ್ಲ."

ಆಮೇಲೆ ಎಲ್ಲ ಹೇಳಿದ. ಜನವರಿಯ ಮೊದಲ ಶನಿವಾರ ಲೂಸಿಯೆನ್ ದಡದ ಮಂಜುಗಡ್ಡೆಯ ಮೇಲೆ ಒಂದು ಕಾಲಿಟ್ಟನಂತೆ. ಅದು ಎಲ್ಲೋ ದೂರದಲ್ಲಿ ಬಿರಿಯುವಂತೆ ನರಳಿದ್ದೇ ತಡ, ಹಿಂದಿರುಗಿ ವಿಲ್ಮರನ ಮನೆ ಸೇರಿದ. ಅಂದಿನಿಂದ ಅಲ್ಲೇ, ಮುದುಕಿಗೆ ಆಲೂಗಡ್ಡೆ ಸುಲಿದು, ಈರುಳ್ಳಿ ಹುರಿದು ಕೊಡುತ್ತಾನೆ. ವಿಲ್ಮರ್ ಮಧ್ಯಾಹ್ನ ಊಟಕ್ಕೆ ಬರುವಾಗ ತರುವ ಮೀನು ಸಂಜೆಯೊಳಗೆ ಅವಳ ತೊಟ್ಟಿಯಲ್ಲಿ ಕರಗಿ ಮೆತ್ತಗಾಗುತ್ತದೆ.

"ನಿಂಗೆ ಗೊತ್ತಾಯ್ತು ಅಂತ ಅವನಿಗೆ ಗೊತ್ತಾಗೋದು ಬೇಡ ಕಣೇ," ಎಂದು ವಿಲ್ಮರ್ ಟೋಪಿ ತೆಗೆದು ಬೇಡಿಕೊಂಡ.

ಸಂಜೆ ಎಂದಿನಂತೆ ಮೀನು ಬಂತು. "ಚೆನ್ನಾಗಿ ಕಚ್ಚಿತಾ?" ಎಂದೆ. "ಹೂಂ," ಅಂದ. ಹುರಿದು ಬಡಿಸಿದೆ.

ಮಾತೆ ಮರಿಯಳು ನಿನ್ನನ್ನೂ ಭಾವನನ್ನೂ ಕಾಯಲಿ. ಮಕ್ಕಳಿಗೆ ನನ್ನ ಮುತ್ತು.

ನಿನ್ನ ತಂಗಿ,
ಒಡೆಟ್

ಇನ್ನೊಂದು ಮಾತು. ಸರೋವರದಿಂದ ಬರುವಾಗ ವಿಲ್ಮರನ ಮನೆಯ ಕಿಟಕಿಯ ಪಕ್ಕ ನಿಂತಿದ್ದೆ. ಲೂಸಿಯೆನ್ ಬೆನ್ನು ನನ್ನ ಕಡೆಗಿತ್ತು. ನೀರಿನೊಳಗೆ ಯಾರೋ ಕಾಲು ಹಿಡಿದೆಳೆದಂತಾದದ್ದನ್ನು, ಮೇಲೆ ಬಂದು ಕುಳಿತು ತಾನು ಅತ್ತದ್ದನ್ನು ಮೇಬಲ್‌ಗೆ ಹೇಳುತ್ತಿದ್ದ. ಅವಳು ಬೊಚ್ಚುಬಾಯಲ್ಲಿ ಅಗಿಯುತ್ತ ತಲೆಯಾಡಿಸುತ್ತಿದ್ದಳು. ಅವಳ ಎರಡು ಕಿವಿಯೂ ಹೋಗಿ ಎಷ್ಟೋ ವರ್ಷವಾಗಿದೆ, ಊರಿಗೆಲ್ಲ ಗೊತ್ತು, ಅವನಿಗೂ ಗೊತ್ತು. ನನಗಿನ್ನೂ ಚೆನ್ನಾಗಿ ಕೇಳಿಸುತ್ತದೆ, ಅಕ್ಕ.