ಟವೆಲ್ ಸುತ್ತಿದ ಮಗು

ಅಮ್ಮಾ,

ನಿನಗಿದ್ದ ಸೋರಿಯಾಸಿಸ್ ಈಗ ನನಗೂ ಬಂದಿದೆ. ಹೆರಿಗೆಯಾದ ಮೇಲೆ ಎರಡೂ ಮೊಣಕೈಗಳಿಂದ ಹೊಟ್ಟು ಉದುರತೊಡಗಿತು. ನಿದ್ದೆ ಬರುತ್ತಿಲ್ಲ ಎಂದಿದ್ದಕ್ಕೆ ಚರ್ಮದ ಡಾಕ್ಟರು, ಇದೇ ಕಾಯಿಲೆಯವರು ಕೂತು ಮನಸ್ಸು ಬಿಚ್ಚಿ ಮಾತಾಡುವ ಗುಂಪಿಗೆ ಕಳಿಸಿದರು. ಇವತ್ತು ಮಗಳನ್ನೂ ಎತ್ತಿಕೊಂಡು ಹೋಗಿದ್ದೆ.

ಗುಂಪು ನಡೆಸುವ ಆಪ್ತಸಮಾಲೋಚಕಿ ಮೊದಲು ಕೇಳಿದ್ದೇ, "ಇಷ್ಟು ಸೆಕೇಲಿ ಮಗೂಗೆ ಯಾಕಮ್ಮಾ ಟವೆಲ್ ಸುತ್ತಿದೀರಿ?"

"ನನ್ನ ಚರ್ಮ ತಾಗಬಾರದು ಅಂತ."

"ಇದು ಅಂಟಲ್ಲ ಅಂತ ಗೊತ್ತಲ್ವಾ?"

"ಗೊತ್ತು. ನಮ್ಮಮ್ಮ ನನ್ನನ್ನ ಹೀಗೇ ಎತ್ಕೋತಿದ್ರು."

ಪಕ್ಕದಲ್ಲಿದ್ದ ಟೈಲರಮ್ಮನಿಗೆ ಕೈತುಂಬ ಇದೇ ಕಾಯಿಲೆ. "ನನ್ನ ಗಂಡ ಇಷ್ಟು ವರ್ಷದಿಂದ ಪಕ್ಕದಲ್ಲೇ ಬಿದ್ಕೊಂಡಿದಾನೆ ಕಣೇ. ನನ್ನಿಂದ ಅವನಿಗೆ ಅಂಟಿರೋದು ಗೊರಕೆ ಒಂದೇ" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅದೇ ಧೈರ್ಯದಲ್ಲಿ ಟವೆಲ್ ತೆಗೆದು, ಮಗಳನ್ನು ಬರಿಗೈಯಲ್ಲಿ ಎದೆಗೊತ್ತಿಕೊಂಡೆ.

ಯಾರೋ ಗುರುತಿಲ್ಲದವರು ಎತ್ತಿಕೊಂಡ ಹಾಗೆ ಅವಳು ಕಿಟಾರನೆ ಕಿರುಚಿದಳು. ಎಷ್ಟು ಸಮಾಧಾನ ಮಾಡಿದರೂ ನಿಲ್ಲಲಿಲ್ಲ. ಮತ್ತೆ ಟವೆಲ್ ಸುತ್ತಿದ ಮೇಲೆಯೇ ಸುಮ್ಮನಾದಳು. "ದಿನಾ ಸ್ವಲ್ಪ ಸ್ವಲ್ಪ ಹೊತ್ತು ಹೀಗೆ ಎತ್ಕೊಳ್ಳಿ, ರೂಢಿಯಾಗತ್ತೆ" ಎಂದರು ಆಪ್ತಸಮಾಲೋಚಕಿ. ತಲೆಯಾಡಿಸಿ ಬಂದೆ.

ನೀನು ತೀರಿಕೊಂಡ ದಿನ ಎಲ್ಲರೂ ನಿನ್ನ ಸುತ್ತ ಕೂತಿದ್ದರು. ನಾನು ಮಾತ್ರ ಒಳಗೆ ಹೋಗಿ, ಬೀರುವಿನಲ್ಲಿದ್ದ ಹಳೆಯ ಹಸಿರು ಟವೆಲನ್ನು ಹುಡುಕಿ, ಅದನ್ನು ತಬ್ಬಿಕೊಂಡು ಅಳುತ್ತಾ ಕೂತಿದ್ದೆ. ಅದರ ಒಂದೊಂದು ಎಳೆಯೂ ನನಗೆ ನೆನಪಿದೆ. ನಿನ್ನ ಕೈ ಮಾತ್ರ ಮೆತ್ತಗಿತ್ತೋ, ಒರಟಾಗಿತ್ತೋ ಗೊತ್ತಿಲ್ಲ ಅಮ್ಮಾ.