ಅಮಾವಾಸ್ಯೆಯ ಗುದ್ದುಗಳು

ಸಾವಿರದ ಏಳುನೂರ ಹನ್ನೆರಡನೆಯ ಅಮಾವಾಸ್ಯೆಯ ಹಿಂದಿನ ದಿನ
ಕರಿಮಾಳ ದಿಬ್ಬ, ಕಾಗಿಣಾ ಹೊಳೆಯ ದಂಡೆ

ಮಾನ್ಯ ರಘೋತ್ತಮ ಅವರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ನೆಲ ನಡುಗಿ ಕರಿಮಾಳ ಊರು ಬಿದ್ದ ದಿನದಿಂದ ನಾವು ಅಮಾವಾಸ್ಯೆಗಳನ್ನಷ್ಟೇ ಎಣಿಸುತ್ತ ಬಂದಿದ್ದೇವೆ. ನಿಮ್ಮ ಲೆಕ್ಕದಲ್ಲಿ ಸುಮಾರು ನೂರ ಮೂವತ್ತೆಂಟು ವರ್ಷ. ಅಮಾವಾಸ್ಯೆಯೇ ಏಕೆಂಬುದು ಮುಂದೆ ತಿಳಿಯುತ್ತದೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಪತ್ರದ ಮೊದಲಿಗೆ ‘ನಾವೆಲ್ಲ ಕ್ಷೇಮ’ ಎಂದು ಬರೆಯುವ ವಾಡಿಕೆ ನಿಮ್ಮ ಕಾಲದಲ್ಲಿತ್ತಂತೆ. ಆ ಸುಳ್ಳನ್ನು ನಾನು ಬರೆಯಲಾರೆ.

ನಾನು ಈ ದಿಬ್ಬದ ಕಿವಿಗಾರ್ತಿ, ಅಂದರೆ ನೆಲದ ಸದ್ದು ಕೇಳಿ ಬರೆದಿಡುವವಳು. ನಮ್ಮವು ಬಿದಿರು ತಟ್ಟಿಯ ಮನೆಗಳು. ಒಬ್ಬಳೇ ಎತ್ತಲಾರದ್ದನ್ನು ತಲೆಯ ಮೇಲೆ ಸೂರಾಗಿಸಬಾರದು ಎಂಬುದು ಇಲ್ಲಿಯ ಕಟ್ಟಳೆ. ದಿನಕ್ಕೊಮ್ಮೆ, ನಡುಹಗಲಲ್ಲಿ, ‘ಸುಮ್ಮಗಳಿಗೆ’ ಬರುತ್ತದೆ. ಕಂಪನ ಹಿಡಿಯುವ ನಮ್ಮ ಯಂತ್ರಕ್ಕೆ ನೆಲ ಮಾತ್ರ ಕೇಳಿಸಲೆಂದು ಆಗ ಬೀಸುವವರು ಕಲ್ಲು ನಿಲ್ಲಿಸುತ್ತಾರೆ, ಕುಟ್ಟುವವರು ಒನಕೆ ಒರಗಿಸುತ್ತಾರೆ, ದನಗಳನ್ನು ಮೊದಲೇ ಹೊಳೆಯಾಚೆ ಅಟ್ಟಿರುತ್ತೇವೆ. ಮದುವೆಯಿದ್ದರೂ ಅಕ್ಷತೆ ಕೈಯಲ್ಲೇ ಉಳಿಯುತ್ತದೆ. ಮಕ್ಕಳು ನಗು ತಡೆಯಲಾಗದೆ ಬಾಯಿ ಮುಚ್ಚಿಕೊಳ್ಳುತ್ತವೆ.

ನಿಮ್ಮ ಟಿಪ್ಪಣಿ ಪುಸ್ತಕವೂ ಕಂಪನಗಳ ಪಟ್ಟಿಯೂ ಕೈಯಿಂದ ಕೈಗೆ ದಾಟಿ ನನ್ನವರೆಗೆ ಬಂದಿವೆ. ನೀವು ಹತ್ತು ಕಂಪನಮಾಪಕಗಳನ್ನು ತಂದು ಸುತ್ತಲಿನ ಊರುಗಳಲ್ಲಿ ಹದಿನೆಂಟು ತಿಂಗಳು ಇಟ್ಟಿರಿ. ಇದು ಗಟ್ಟಿ ನೆಲ, ಇಲ್ಲಿ ಏನಾದೀತು ಎಂದು ಎಲ್ಲರೂ ನಂಬಿದ್ದ ಕಾಲ. ಕರಿಮಾಳದ ಯಂತ್ರ ಕೂತದ್ದು ಕಾಶಮ್ಮನೆಂಬ ಹೆಂಗಸಿನ ಮನೆಯ ಹಗೇವಿನಲ್ಲಿ, ಜೋಳ ತುಂಬಿಡುವ ನೆಲಗುಂಡಿಯಲ್ಲಿ. ನೆಲ ಗುದ್ದಿದಾಗಲೆಲ್ಲ ಗೋಡೆಗೊಂದು ಗೆರೆ ಹಾಕಿ, ಫೋನ್ ಮಾಡಿ ಎಂದು ಆಕೆಗೆ ಕಲಿಸಿದವರು ನೀವೇ. ಆಕೆ ಮಾಡಿದಳು. ಆಗ ನೀವು ಎತ್ತುತ್ತಿದ್ದಿರಿ.

ಪಕ್ಕದಲ್ಲೇ ಕಲ್ಲಿನ ಖಣಿಯಿತ್ತು. ಅಲ್ಲಿ ಮಧ್ಯಾಹ್ನ ಮದ್ದು ಹಾರಿಸುತ್ತಿದ್ದರು. ಆದ್ದರಿಂದ ಹನ್ನೆರಡರಿಂದ ಎರಡರ ನಡುವೆ ಬಂದ ಗುದ್ದುಗಳನ್ನೆಲ್ಲ ಖಣಿಯವೆಂದು ನೀವು ಅಳಿಸಿದಿರಿ. ಇನ್ನೂರ ಆರು. ಪುಸ್ತಕದ ಅಂಚಿನಲ್ಲಿ ನಿಮ್ಮದೇ ಅಕ್ಷರದಲ್ಲಿ ಕಾಶಮ್ಮನ ಮಾತಿದೆ: “ಅಮಾಸಿ ದಿನಾ ಖಣ್ಯಾಗ ಯಾರೂ ಕಲ್ಲ ಒಡ್ಯಲ್ರೀ ಸಾಹೇಬ್ರ. ಹಾರಿ, ಸುತ್ಗಿ ಪೂಜಿ ಮಾಡಿ ಮನ್ಯಾಗ ಕುಂದರತಾರ. ಇದು ನೆಲದ್ದೇ ಗುದ್ದು ಅದ, ನೋಡ್ರಿ.” ಬರೆದುಕೊಂಡಿರಿ, ಪಟ್ಟಿಯನ್ನು ತಿದ್ದಲಿಲ್ಲ. ಅಳಿಸಿದವುಗಳಲ್ಲಿ ಇಪ್ಪತ್ತಮೂರು ಅಮಾವಾಸ್ಯೆಯವು. ನಾನು ಮೂರು ಸಲ ಎಣಿಸಿದೆ. ಪಟ್ಟಿಯಲ್ಲಿ ಅಳಿಸದೆ ಉಳಿದವು ಬೆರಳೆಣಿಕೆಯಷ್ಟೆಂದು, ನೆಲ ಗಟ್ಟಿಯಿದೆ ಎಂಬ ವರದಿ ಹೋಯಿತು. ಯಂತ್ರಗಳು ಗಾಡಿ ಹತ್ತಿದವು.

ಊರು ಬಿದ್ದದ್ದೂ ಅಮಾವಾಸ್ಯೆಯ ಮಧ್ಯಾಹ್ನವೇ. ಖಣಿಗೆ ರಜೆ, ಎಲ್ಲರೂ ಮನೆಯಲ್ಲಿ ಉಣ್ಣುತ್ತಿದ್ದರು. ಆ ದಿನವನ್ನು ನೀವು ಮೊದಲೇ ಹೇಳಬಹುದಿತ್ತು ಎನ್ನುವುದಿಲ್ಲ, ಅದು ನಮಗೂ ತಿಳಿಯದ ವಿದ್ಯೆ. ಮಾಳಿಗೆಯ ಮಣ್ಣನ್ನಾದರೂ ಇಳಿಸಬಹುದಿತ್ತು. ಸೋರದಿರಲೆಂದು ಮಳೆಗೆ ಮುಂಚೆ ವರ್ಷವರ್ಷವೂ ಹೊಸ ಮಣ್ಣು ಏರಿಸಿ, ಮೊಳದಷ್ಟು ದಪ್ಪ ಭಾರ ಅವರ ತಲೆಯ ಮೇಲೆ ನಿಂತಿತ್ತು. ಕೊಂದದ್ದು ಆ ಮಣ್ಣು. ನನಗೆ ನಿಮ್ಮ ಮೇಲೆ ಸಿಟ್ಟಿದೆ, ರಘೋತ್ತಮರೇ. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎನ್ನುತ್ತಾರೆ. ಚಿಂತಿಸದೆ ಇರುವುದು ನನಗೆ ಬರುವುದಿಲ್ಲ.

ಈ ವಾರ ಕಾಶಮ್ಮನ ಗೋಡೆಯ ಫರಸಿ ಕಲ್ಲೊಂದನ್ನು ಅಗೆದು ಎಬ್ಬಿಸಿದೆವು. ಮೊಳೆಯಿಂದ ಗೀಚಿದ ಗೆರೆಗಳು. ನೀವು ಯಂತ್ರ ಒಯ್ದ ದಿನಕ್ಕೆ ಒಂದು ಅಡ್ಡಗೆರೆ. ಅದರ ಕೆಳಗೆ ಇನ್ನೂ ಮುನ್ನೂರ ಹತ್ತು. ಪಕ್ಕದಲ್ಲಿ ಹತ್ತು ಅಂಕಿಗಳಿದ್ದವು. ಅವು ಏನೆಂದು ಇಲ್ಲಿ ಯಾರಿಗೂ ತಿಳಿಯಲಿಲ್ಲ. ಆಮೇಲೆ ನಿಮ್ಮ ಪುಸ್ತಕದ ಮೊದಲ ಪುಟದಲ್ಲಿ ಅದೇ ಅಂಕಿಗಳನ್ನು ಕಂಡೆ: ಯೋಜನೆಯ ಫೋನ್ ನಂಬರು. ಕೊನೆಯ ಪುಟದಲ್ಲಿ, ಯಂತ್ರಗಳೊಂದಿಗೆ ಫೋನನ್ನೂ ಬಂದ್ ಮಾಡಿ ಹಿಂದಿರುಗಿಸಿದ್ದೇನೆ ಎಂದು ನೀವು ಸಹಿ ಹಾಕಿದ್ದೀರಿ.

ಈ ಪತ್ರ ನಿಮಗೆ ತಲುಪುವುದಿಲ್ಲ. ತಲುಪುವುದಾದರೆ ಒಂದೇ ಬೇಡಿಕೆ. ಯಂತ್ರಗಳನ್ನು ಒಯ್ಯಿರಿ, ಅವು ಹೋಗಲೆಂದೇ ಬಂದವು. ಆ ಫೋನನ್ನು ಮಾತ್ರ ಬಂದ್ ಮಾಡಬೇಡಿ. ಕಾಶಮ್ಮ ಮುನ್ನೂರ ಹತ್ತು ಸಲ ಮಾಡುತ್ತಾಳೆ. ಒಂದು ಸಲವಾದರೂ ಎತ್ತಿ.

ಚಂದ್ರಾಂಬೆ
ಕರಿಮಾಳ ದಿಬ್ಬದ ಕಿವಿಗಾರ್ತಿ