ಏಣಿಯಣ್ಣ ಪಾಳಿಯಲ್ಲೇ ಇದ್ದರು

ಪರಿಹಾರ ವಿಭಾಗದ ಮಾನ್ಯ ಮುಖ್ಯಾಧಿಕಾರಿಗಳೇ,

ಬೆಂಕಿಯಲ್ಲಿ ಸತ್ತ ನೌಕರರೊಬ್ಬರ ಮನೆಯವರಿಗೆ ಸಲ್ಲಬೇಕಾದ ಪರಿಹಾರವನ್ನು ನೀವು ಒಂದು ಸುಳ್ಳನ್ನು ನಂಬಿ ತಳ್ಳಿಹಾಕಿದ್ದೀರಿ. ಆ ಸುಳ್ಳನ್ನು ಬರೆದವನು ನಾನು. ಮುಚ್ಚಿದ ಲಕೋಟೆಯಲ್ಲಿ ಎರಡು ಸಲ ಇದನ್ನು ನಿಮಗೆ ತಿಳಿಸಿದೆ. ಈಗ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ. ಮಾನ ಹೋಗುವುದಾದರೆ ಪೂರ್ತಿ ಹೋಗಲಿ.

ನಾನು ಅಗ್ನಿಶಾಮಕ ಠಾಣೆಯ ರೈಟರ್. ಬೆಂಕಿ ಆರಿಸುವವನಲ್ಲ, ಆರಿಸುವವರ ಹಾಜರಿ ಬರೆಯುವವನು. ಹತ್ತೊಂಬತ್ತು ವರ್ಷಗಳಿಂದ ನನ್ನ ಪುಸ್ತಕದಲ್ಲಿ ಒಂದೇ ಒಂದು ಚಿತ್ತಿಲ್ಲ ಎಂದು ಬೀಗಿಕೊಂಡು ತಿರುಗಿದವನು. ಆ ಅಂದದ ಗುಟ್ಟನ್ನು ಹೇಳಿಬಿಡುತ್ತೇನೆ. ಪಾಳಿ ಬದಲಾಗುವುದು ಬೆಳಿಗ್ಗೆ ಎಂಟಕ್ಕೆ. ನಾನು ಏಳೂವರೆಗೇ ಕೂತು, ಹೋಗುವವರು ಎಂಟಕ್ಕೆ ಹೋದರು, ಬರುವವರು ಎಂಟಕ್ಕೆ ಬಂದರು ಎಂದು ದುಂಡಗೆ ಬರೆದು ಮುಗಿಸುತ್ತಿದ್ದೆ. ಎಂಟರ ಗಡಿಬಿಡಿಯಲ್ಲಿ ಅಕ್ಷರ ಕೆಡುತ್ತದೆ, ಕಾಫಿ ಆರುತ್ತದೆ, ಅದಕ್ಕೆ. ಇಲಾಖೆಯ ನಿಯಮ ಬೇರೆಯೇ ಇದೆ. ಬದಲಿ ಬರುವವನು ಕಣ್ಣೆದುರು ಬಂದು ನಿಲ್ಲುವವರೆಗೆ ಹೋಗುವವನ ಪಾಳಿ ಮುಗಿಯುವುದಿಲ್ಲ. ಈ ನಿಯಮವನ್ನು ಗೋಡೆಗೆ ಅಂಟಿಸಿದವನೂ ನಾನೇ.

ಆ ದಿನ ಎಂಟು ಹತ್ತಕ್ಕೆ ಬಣ್ಣದ ಗೋದಾಮಿನಿಂದ ಕರೆ ಬಂತು. ನಮ್ಮ ಏಣಿಯಣ್ಣನ ಬದಲಿಗೆ ಬರಬೇಕಾದವನು ಇನ್ನೂ ಬಸ್ಸಿನಲ್ಲಿದ್ದ. ಏಣಿಯಣ್ಣ ಎಂದರೆ ಎಲ್ಲರಿಗಿಂತ ಮೊದಲು ಏಣಿ ಹತ್ತುವವರು. ಆದರೆ ಹೆಸರು ಬಂದದ್ದು ಅದಕ್ಕಲ್ಲ. ಆಳು ಐದಡಿ ಎರಡಂಗುಲ, ಏಣಿ ಇಲ್ಲದಿದ್ದರೆ ಅಟ್ಟದ ಮೇಲಿನ ಡಬ್ಬಿಯೂ ಸಿಗುವುದಿಲ್ಲ ಎಂದು ಅವರ ಹೆಂಡತಿಯೇ 'ಏಣಿ' ಎಂದು ಇಟ್ಟ ಹೆಸರಿಗೆ ಠಾಣೆಯವರು 'ಅಣ್ಣ' ಸೇರಿಸಿದ್ದು. ಸೈರನ್ ಕೂಗಿದಾಗ ಅವರು ನನ್ನ ಮೇಜಿನ ಮುಂದೆ ನಿಂತಿದ್ದರು.

"ರೈಟರೇ, ಅವನಿನ್ನೂ ಬಂದಿಲ್ಲ. ನಾನೇ ಹೋಗ್ಬರ್ತೀನಿ, ಬರ್ಕೊಳ್ಳಿ" ಎಂದರು.

"ಹೂಂ, ಹೋಗ್ಬನ್ನಿ" ಎಂದೆ. ಬರೆದುಕೊಳ್ಳಲಿಲ್ಲ. ಬರೆಯಬೇಕಿದ್ದರೆ ಮೊದಲು ಬರೆದದ್ದನ್ನು ಹೊಡೆದುಹಾಕಬೇಕಿತ್ತು.

ಗೋದಾಮಿನೊಳಗಿದ್ದ ಇಬ್ಬರು ಕೂಲಿಗಳನ್ನು ಅವರು ಹೊರಗೆ ದಾಟಿಸಿದರು. ಮೂರನೆಯವನನ್ನು ಹುಡುಕಲು ಒಳಹೋದಾಗ ಛಾವಣಿ ಕುಸಿಯಿತು.

ವಿಚಾರಣೆಗೆ ಬಂದ ನಿಮ್ಮ ಅಧಿಕಾರಿ ಪುಸ್ತಕ ತೆರೆದು, "ಎಂಟಕ್ಕೇ ಪಾಳಿ ಮುಗಿದಿದೆ ಅಂತ ಇದೆಯಲ್ಲ, ಇದು ಸರೀನಾ?" ಎಂದು ಕೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ ನಾನು ಪುಸ್ತಕದ ಅಂಚು ಸರಿಪಡಿಸುತ್ತಾ, "ಸರಿ ಇದೆ ಸಾರ್" ಎಂದೆ. ಪಕ್ಕದಲ್ಲೇ ನಿಂತಿದ್ದ ನಮ್ಮ ಡ್ರೈವರ್ ನೆಲ ನೋಡಿದ. ತಡವಾಗಿ ಬಂದವನು ಗೋಡೆ ನೋಡಿದ. ಅವರಿಬ್ಬರನ್ನು ನಾನು ದೂರುವುದಿಲ್ಲ. ಕೇಳಿದ್ದು ನನ್ನನ್ನು.

ತಿಂಗಳೊಪ್ಪತ್ತಿನಲ್ಲಿ ನಿಮ್ಮ ಆದೇಶ ಬಂತು. 'ಮೃತರು ಕರ್ತವ್ಯದ ಅವಧಿ ಮುಗಿದ ಬಳಿಕ ಸ್ವಇಚ್ಛೆಯಿಂದ ತೆರಳಿದ್ದು, ಪರಿಹಾರಕ್ಕೆ ಅರ್ಹರಲ್ಲ.' ಎಂಥ ಅಚ್ಚುಕಟ್ಟಾದ ವಾಕ್ಯ ಸ್ವಾಮಿ! ನಿಮ್ಮ ಹೆಲ್ಮೆಟ್ ಹಾಕಿಕೊಂಡು, ನಿಮ್ಮ ಗಾಡಿ ಹತ್ತಿ, ನಿಮ್ಮ ಪೈಪು ಹಿಡಿದು ಯಾರಾದರೂ ಹವ್ಯಾಸಕ್ಕೆ ಬೆಂಕಿಯೊಳಗೆ ನಡೆಯುತ್ತಾರೆಯೇ? ಗಾಡಿಯಲ್ಲಿ ಹೋದವರ ಹೆಸರು ಡ್ರೈವರನ ಟ್ರಿಪ್ ಪುಸ್ತಕದಲ್ಲಿ ಇದೆಯಲ್ಲ, ಅದನ್ನೇಕೆ ಯಾರೂ ತೆರೆಯಲಿಲ್ಲ? ಅದರಲ್ಲಿ ಎಣ್ಣೆ ಕಲೆ ಇದೆ, ಕಾಗೆಕಾಲಿನ ಅಕ್ಷರ ಇದೆ. ನಿಮಗೂ ನನ್ನ ಹಾಗೆ ಅಂದದ ಅಕ್ಷರವೇ ಇಷ್ಟವಾಯಿತೆಂದು ಕಾಣುತ್ತದೆ. ನಾನು ತಪ್ಪೊಪ್ಪಿಕೊಂಡು ಬರೆದಾಗ, 'ಹಾಜರಿ ಪುಸ್ತಕವೇ ಮೂಲ ದಾಖಲೆ, ನಂತರದ ಹೇಳಿಕೆ ಪರಿಗಣಿಸಲಾಗದು' ಎಂದು ಉತ್ತರ ಕೊಟ್ಟಿರಿ. ನನ್ನ ಸುಳ್ಳಿಗೆ ಒಂದು ಸಾಕ್ಷಿಯನ್ನೂ ಕೇಳದವರು ನನ್ನ ನಿಜಕ್ಕೆ ಬಾಗಿಲು ಹಾಕಿಕೊಂಡಿರಿ. ಆದರೆ ನಿಮ್ಮನ್ನು ಹಂಗಿಸುವಾಗಲೂ ನಾಲಿಗೆ ತಡವರಿಸುತ್ತದೆ. ಮೊದಲ ಕಲ್ಲು ಎತ್ತಿಕೊಟ್ಟವನು ನಾನೇ ಅಲ್ಲವೇ?

ಆದೇಶದ ಪ್ರತಿ ಹಿಡಿದು ಅತ್ತಿಗೆ, ಅಂದರೆ ಏಣಿಯಣ್ಣನ ಹೆಂಡತಿ, ಠಾಣೆಗೇ ಬಂದಿದ್ದರು. ವಸತಿಗೃಹ ಖಾಲಿ ಮಾಡಬೇಕೆಂಬ ನೋಟೀಸೂ ಕೈಯಲ್ಲಿತ್ತು. ಜಗಳಕ್ಕೆ ಬಂದಿದ್ದರೆ ಎಷ್ಟೋ ವಾಸಿಯಾಗಿತ್ತು.

"ನೀವು ಬರೆದಿದ್ದು ಅಂದ್ಮೇಲೆ ಸರಿಯಾಗೇ ಇರುತ್ತೆ ಅಣ್ಣ. ರೈಟರ್ ತಪ್ಪು ಬರೆಯಲ್ಲ ಅಂತ ಅವರೂ ಹೇಳ್ತಿದ್ರು" ಎಂದರು. "ಪಾಳಿ ಮುಗಿದಿದ್ರೂ ಯಾಕೆ ಹೋದ್ರು? ಮನೇಲಿ ನಾನು, ಮಗಳು ಇದ್ದೀವಿ ಅಂತ ನೆನಪೇ ಆಗ್ಲಿಲ್ವಾ?"

ಆಗಲೂ ನಿಜ ಹೇಳಲಿಲ್ಲ. ಕುಡಿಯಲು ನೀರು ಕೊಟ್ಟೆ. ಇಂಥ ಹೇಡಿ ನಾನು.

ಹನ್ನೊಂದು ದಿನದ ಮೇಲೆ ಅವರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅತ್ತಿಗೆ ಹೊಲಿಗೆ ಯಂತ್ರದ ಚಕ್ರದ ಮೇಲೆ ಕೈಯಿಟ್ಟುಕೊಂಡು ಕೇಳಿಸಿಕೊಂಡರು. ಬೈಯಲಿಲ್ಲ.

"ಹಾಗಾದ್ರೆ ಕೆಲಸಕ್ಕೇ ಹೋಗಿದ್ದು" ಎಂದರು. "ಇದನ್ನ ಮಗಳಿಗೆ ನೀವೇ ಹೇಳಿ ಅಣ್ಣ. ನಿಮ್ಮಪ್ಪಂಗೆ ನಮಗಿಂತ ಬೆಂಕಿನೇ ಹೆಚ್ಚಾಗಿತ್ತು ಅಂತ ಸಿಟ್ಟಲ್ಲಿ ಅಂದ್ಬಿಟ್ಟಿದ್ದೀನಿ."

ಹೇಳಿದೆ. ಹದಿಮೂರರ ಹುಡುಗಿ. ಒಳಗಿನಿಂದ ನಿಮ್ಮ ಆದೇಶದ ಕಾಗದ ತಂದು, ಸಾಲಿನ ಮೇಲೆ ಬೆರಳಿಟ್ಟು ಓದಿ, "ಇದ್ರಲ್ಲಿ ಹಾಗೇನೂ ಇಲ್ವಲ್ಲ ಅಂಕಲ್" ಎಂದಳು. ನಾನು ಸಮಾಧಾನಕ್ಕೆ ಕಥೆ ಕಟ್ಟುತ್ತಿದ್ದೇನೆ ಎಂದುಕೊಂಡಳು.

ಆದ್ದರಿಂದ ಕೇಳುತ್ತಿದ್ದೇನೆ. ಟ್ರಿಪ್ ಪುಸ್ತಕ ತರಿಸಿ ನೋಡಿ. ಪರಿಹಾರ ಕೊಡಿ, ಆ ಮನೆಯಿಂದ ಅವರನ್ನು ಎಬ್ಬಿಸಬೇಡಿ. ನನ್ನ ಮೇಲೆ ಏನು ಕ್ರಮ ಬೇಕೋ ಜರುಗಿಸಿ, ಮೇಲ್ಮನವಿ ಹಾಕುವುದಿಲ್ಲ. ಎಲ್ಲಕ್ಕಿಂತ ಮೊದಲು ಹೊಸ ಆದೇಶ ಹೊರಡಿಸಿ, ಅವರು ಕರ್ತವ್ಯದಲ್ಲಿದ್ದಾಗಲೇ ಮಡಿದರು ಎಂದು ಮೊಹರು ಹಾಕಿ ಕಳಿಸಿ. ನನ್ನ ಮಾತನ್ನು ಆ ಹುಡುಗಿ ಇನ್ನು ನಂಬುವುದಿಲ್ಲ. ನಿಮ್ಮ ಕಾಗದವನ್ನು ನಂಬುತ್ತಾಳೆ.

ಇಂತಿ,
ಇನ್ನೂ ಯಾರೂ ಅಮಾನತು ಮಾಡದ,
ಠಾಣೆಯ ರೈಟರ್